ಗೈಡ್ ಮತ್ತೆ ಬದಲಾದರು: ಆನ್‌ಲೈನ್ ಡಾಕ್ಟರೇಟಿನಲ್ಲಿ ಪೂರ್ಣಾವಧಿ ಪ್ರಾಧ್ಯಾಪಕರೇ ಮಾರ್ಗದರ್ಶಕರಾಗಿರಬೇಕೇ?

ಮೂರನೇ ಕರಡು

ನಮಸ್ಕಾರ. ಈ ವೇದಿಕೆಯಲ್ಲಿ ನನ್ನ ಹೆಸರು ಮೂರನೇ ಕರಡು. ಅಮೆರಿಕದ ಒಂದು ವಿಶ್ವವಿದ್ಯಾಲಯದಲ್ಲಿ ಆನ್‌ಲೈನ್ ಮೂಲಕ ಡಿಬಿಎ, ಅಂದರೆ ವ್ಯವಹಾರ ಆಡಳಿತದಲ್ಲಿ ಡಾಕ್ಟರೇಟ್, ಮಾಡುತ್ತಿದ್ದೇನೆ. ಕೆಲಸ ಬಿಟ್ಟು ಓದುವ ಸ್ಥಿತಿ ಇರಲಿಲ್ಲ, ಹಾಗಾಗಿ ಆನ್‌ಲೈನ್ ಆರಿಸಿಕೊಂಡೆ. ಆ ಬಗ್ಗೆ ಈಗಲೂ ಪಶ್ಚಾತ್ತಾಪವಿಲ್ಲ. ಕೋರ್ಸ್‌ವರ್ಕ್ ಎರಡು ವರ್ಷದಲ್ಲಿ ಮುಗಿಯಿತು, ಅಂಕಗಳೂ ಚೆನ್ನಾಗಿ ಬಂದವು. ತೊಂದರೆ ಶುರುವಾದದ್ದು ಮಹಾಪ್ರಬಂಧಕ್ಕೆ ಕೈ ಹಾಕಿದ ಮೇಲೆ.

ಇಲ್ಲಿ ಮಹಾಪ್ರಬಂಧವನ್ನು ನೋಡಿಕೊಳ್ಳುವ ಸಮಿತಿಯ ಅಧ್ಯಕ್ಷರನ್ನು ಚೇರ್ ಎನ್ನುತ್ತಾರೆ. ನಾನು ಗೈಡ್ ಎಂದೇ ಬರೆಯುತ್ತೇನೆ. ಸಣ್ಣ ಆಸ್ಪತ್ರೆಗಳ ಮಧ್ಯಮ ಹಂತದ ವ್ಯವಸ್ಥಾಪಕರು ಕೆಲಸ ಬಿಡುವುದೇಕೆ ಎಂಬುದು ನನ್ನ ವಿಷಯ. ಮೊದಲ ಗೈಡ್ ಹದಿನೈದು ಸಂದರ್ಶನಗಳು ಸಾಕು ಎಂದು ಒಪ್ಪಿದರು. ಮೂರು ಅಧ್ಯಾಯ ಬರೆದೆ. ಒಂದು ಬೆಳಿಗ್ಗೆ ಕಚೇರಿಯಿಂದ ಇಮೇಲ್ ಬಂತು: ನಿಮ್ಮ ಗೈಡ್ ಈಗ ನಮ್ಮಲ್ಲಿಲ್ಲ, ಹೊಸಬರನ್ನು ನೇಮಿಸಿದ್ದೇವೆ. ಹೊಸಬರು ನೋಡಿ, ಇದು ಸಂದರ್ಶನಕ್ಕೆ ಒಗ್ಗುವ ಪ್ರಶ್ನೆಯೇ ಅಲ್ಲ, ಸಮೀಕ್ಷೆ ಮಾಡಿ ಎಂದರು. ಐದು ತಿಂಗಳು ಕೂತು ಮೂರನೇ ಅಧ್ಯಾಯವನ್ನು ಪೂರ್ತಿ ಬದಲಿಸಿದೆ. ಕಳೆದ ವಾರ ಅವರೂ ಹೋದರು. ಈಗ ಮೂರನೆಯವರು. ಇನ್ನೂ ಒಮ್ಮೆಯೂ ಮಾತನಾಡಿಲ್ಲ.

ಮೂವರೂ ಅರೆಕಾಲಿಕರು. ವಿಭಾಗದ ಪುಟದಲ್ಲಿ ಪೂರ್ಣಾವಧಿ ಪ್ರಾಧ್ಯಾಪಕರ ಚಿತ್ರಗಳು ಸಾಲಾಗಿ ಇವೆ, ಆದರೆ ನನ್ನ ಸಮಿತಿಗೆ ಅವರಲ್ಲಿ ಒಬ್ಬರೂ ಬಂದಿಲ್ಲ. ಯಾರಾದರೂ ನನ್ನ ಪುಟಗಳನ್ನು ಓದಲಿ, ಓದದಿರಲಿ, ಪ್ರತಿ ಅವಧಿಯ ಶುಲ್ಕ ಮಾತ್ರ ತಪ್ಪದೆ ಹೋಗುತ್ತದೆ.

ಇದು ನನ್ನ ಹಣೆಬರಹವೋ ಅಥವಾ ವ್ಯವಸ್ಥೆಯೇ ಹೀಗೋ? ಪೂರ್ಣಾವಧಿಯವರು ಸಿಕ್ಕಿದ್ದರೆ ಬೇರೆಯಾಗುತ್ತಿತ್ತೇ? ಇನ್ನೊಂದು ಕಡೆ ಸೇರಲು ಹೊರಟಿರುವ ಗೆಳೆಯರೊಬ್ಬರು ಏನೇನು ವಿಚಾರಿಸಬೇಕು ಎಂದು ನನ್ನನ್ನೇ ಕೇಳುತ್ತಿದ್ದಾರೆ. ನನಗೆ ಉತ್ತರ ತಿಳಿದಿದ್ದರೆ ಈ ಸ್ಥಿತಿ ಏಕೆ ಬರುತ್ತಿತ್ತು!

ತಡವಾಗಿ ಬಂದವನು

ಆನ್‌ಲೈನ್ ಡಾಕ್ಟರೇಟ್ ಎಂದ ಕೂಡಲೇ ಇದನ್ನು ನಿರೀಕ್ಷಿಸಬೇಕಿತ್ತು. ದುಡ್ಡು ಕೊಟ್ಟು ಕೊಳ್ಳುವ ಪದವಿಗೆ ಗೈಡ್ ಯಾರಾದರೇನು?

ಮುಗಿಸಿದವಳು

ಕೊಳ್ಳುವ ಪದವಿಯಾಗಿದ್ದರೆ ನನಗೆ ಐದೂವರೆ ವರ್ಷ ಏಕೆ ಹಿಡಿಯಿತೋ ತಿಳಿಯದು. ನಾನು ಆನ್‌ಲೈನ್‌ನಲ್ಲೇ ಮುಗಿಸಿದೆ, ಅದೂ ಅರೆಕಾಲಿಕ ಗೈಡ್ ಜೊತೆ. ಹೇಗೆಂಬುದನ್ನು ಸಮಯ ಸಿಕ್ಕಾಗ ಬರೆಯುತ್ತೇನೆ. ಈಗ ಮೀಟಿಂಗ್ ಇದೆ.

ಅಡಿಟಿಪ್ಪಣಿ

ನಾನು ಇಂಥದೇ ಒಂದು ಕಾರ್ಯಕ್ರಮದಲ್ಲಿ ಪೂರ್ಣಾವಧಿಯವನು. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಸಹಿಸಿಕೊಳ್ಳಿ.

ಗೈಡ್ ಎಂದರೆ ಕರಡು ಓದಿ ಕೆಂಪು ಗೆರೆ ಎಳೆಯುವವರು ಎಂದು ವಿದ್ಯಾರ್ಥಿಗಳು ತಿಳಿದಿರುತ್ತಾರೆ. ಓದುವುದು ಈ ಕೆಲಸದಲ್ಲಿ ಸುಲಭದ ಭಾಗ. ಕಷ್ಟದ್ದು ನಿಮಗೆ ಕಾಣದ ಕಡೆ ನಡೆಯುತ್ತದೆ. ನಿಮ್ಮ ಪ್ರಸ್ತಾವ ಸಂಶೋಧನಾ ವಿಧಾನದ ಪರಿಶೀಲಕರ ಮೇಜಿಗೆ ಹೋಗಿ "ಮಾದರಿಯ ಗಾತ್ರ ಸಾಲದು" ಎಂಬ ಷರಾದೊಂದಿಗೆ ವಾಪಸ್ಸಾಗುತ್ತದೆ ಎಂದುಕೊಳ್ಳಿ. ಆಗ ಯಾರೋ ಒಬ್ಬರು ಪರಿಶೀಲಕರಿಗೆ ಫೋನ್ ಮಾಡಿ, "ಸಂದರ್ಶನ ಆಧರಿಸಿದ ಗುಣಾತ್ಮಕ ಅಧ್ಯಯನಕ್ಕೆ ಸಮೀಕ್ಷೆಯ ಅಳತೆಗೋಲು ಹಿಡಿಯಬೇಡಿ" ಎಂದು ವಾದಿಸಬೇಕು. ನಾನು ಹಾಗೆ ವಾದಿಸಿದರೆ ನನ್ನ ಕೆಲಸಕ್ಕೆ ಕುತ್ತಿಲ್ಲ. ಒಂದೊಂದು ಅವಧಿಗೆ ಕರಾರು ನವೀಕರಣವಾಗುವವರು ವಾದಿಸುವ ಮೊದಲು ಎರಡು ಸಲ ಯೋಚಿಸುತ್ತಾರೆ. ಅಲ್ಲಿ ಸುಮ್ಮನಿದ್ದು ವಿದ್ಯಾರ್ಥಿಗೆ "ಅವರು ಹೇಳಿದಂತೆ ಬದಲಿಸಿಬಿಡಿ" ಎನ್ನುವುದು ಅವರಿಗೆ ಸುರಕ್ಷಿತ. ಅವರ ಗುಣವನ್ನು ನಾನು ದೂರುತ್ತಿಲ್ಲ. ಆ ಕುರ್ಚಿಯಲ್ಲಿ ಕೂತರೆ ನಾನೂ ಹಾಗೆಯೇ ಮಾಡಿಯೇನು.

ಇನ್ನೊಂದು ವಿಷಯ. ಬ್ರಿಟನ್ನಿನಲ್ಲಿ ಗೈಡ್ ಆದವರು ಸಾಮಾನ್ಯವಾಗಿ ಪರೀಕ್ಷಕರಾಗಿರುವುದಿಲ್ಲ. ಹೊರಗಿನ ವಿಶ್ವವಿದ್ಯಾಲಯದ ಪರೀಕ್ಷಕರು ಬಂದು ಮೌಖಿಕ ಪರೀಕ್ಷೆ ನಡೆಸುತ್ತಾರೆ. ಅಮೆರಿಕದಲ್ಲಿ ಗೈಡ್ ಸಮಿತಿಯಲ್ಲೇ ಕುಳಿತು ಸಹಿ ಹಾಕುತ್ತಾರೆ. ದಾರಿ ತೋರಿಸುವವರೂ ಅವರೇ, ಗಡಿ ಕಾಯುವವರೂ ಅವರೇ. ಅಂಥವರನ್ನು ನಡುವೆ ಬದಲಿಸಿದರೆ ಗಡಿಯೇ ಅತ್ತಿತ್ತ ಸರಿಯುತ್ತದೆ. ನಿಮಗೆ ಆದದ್ದು ಅದು.

ಐಆರ್‌ಬಿ, ಅಂದರೆ ಮನುಷ್ಯರ ಮೇಲಿನ ಸಂಶೋಧನೆಗೆ ಅನುಮತಿ ಕೊಡುವ ಮಂಡಳಿ, ಸಾಮಾನ್ಯವಾಗಿ ವಿದ್ಯಾರ್ಥಿಯ ಅರ್ಜಿಯ ಮೇಲೆ ಹೊಣೆ ಹೊರುವ ಅಧ್ಯಾಪಕರೊಬ್ಬರ ಸಹಿ ಕೇಳುತ್ತದೆ. ಮಾಹಿತಿ ಸಂಗ್ರಹದ ನಡುವೆ ಆ ಅಧ್ಯಾಪಕರು ಹೊರಟು ಹೋದರೆ ತಿದ್ದುಪಡಿ ಅರ್ಜಿ ಹಾಕಬೇಕು, ಕೆಲವೊಮ್ಮೆ ಕೆಲಸ ನಿಲ್ಲಿಸಬೇಕು. ನೀವು ಇನ್ನೂ ಸಂದರ್ಶನ ಶುರು ಮಾಡಿಲ್ಲ. ಸಿಟ್ಟಾಗಬೇಡಿ, ಆದರೆ ಆ ಮಟ್ಟಿಗೆ ಒಳ್ಳೆಯದೇ ಆಯಿತು.

ಈಗ ನನ್ನ ಗುಟ್ಟನ್ನೂ ಹೇಳಿಬಿಡುತ್ತೇನೆ. "ಪೂರ್ಣಾವಧಿ" ಎಂಬ ಪದದ ಕೊಡೆಯ ಕೆಳಗೆ ಬಗೆಬಗೆಯ ಜನ ನಿಂತಿದ್ದಾರೆ. ಕೆಲವರಿಗೆ ಟೆನ್ಯೂರ್ ಇದೆ, ಅಂದರೆ ಸುಲಭಕ್ಕೆ ಯಾರೂ ಅಲುಗಾಡಿಸಲಾರರು. ಆನ್‌ಲೈನ್ ಕಾರ್ಯಕ್ರಮಗಳಲ್ಲಿ ಬಹುಪಾಲು ನಮ್ಮಂಥವರಿಗೆ ಅದು ಇಲ್ಲ. ವರ್ಷದ ಕರಾರು, ಮನೆಯಿಂದ ಕೆಲಸ. ಈ ಅವಧಿಯಲ್ಲಿ ನಾಲ್ಕು ಕೋರ್ಸ್, ಎರಡು ಆಡಳಿತ ಸಮಿತಿ ಮತ್ತು ಹದಿನಾಲ್ಕು ಮಹಾಪ್ರಬಂಧಗಳು ನನ್ನ ತಲೆಯ ಮೇಲಿವೆ. ಹದಿನಾಲ್ಕನೆಯ ವಿದ್ಯಾರ್ಥಿಯ ಹೆಸರು ನೆನಪಿಸಿಕೊಳ್ಳಲು ಕಡತ ತೆರೆಯಬೇಕಾಗುತ್ತದೆ. ಅವರಿಗೆ ಸಿಕ್ಕಿರುವುದು ಪೂರ್ಣಾವಧಿ ಗೈಡ್ ಎಂದು ಹೆಮ್ಮೆಪಡಲು ನನಗೆ ಮುಖವಿಲ್ಲ.

ಮೂರು ಲಾಗಿನ್ ಮೇಷ್ಟ್ರು

ಅಡಿಟಿಪ್ಪಣಿ ಸರ್, ನಿಮ್ಮ ಪ್ರಾಮಾಣಿಕತೆಗೆ ವಂದನೆ. ನೀವು ಹೇಳಿದ "ಆ ಕುರ್ಚಿ"ಯಲ್ಲಿ ಕೂತಿರುವವಳು ನಾನು. ಹೆಸರು ನೋಡಿ ಗಂಡಸು ಎಂದುಕೊಳ್ಳಬೇಡಿ, ಮೇಷ್ಟ್ರು ಎನ್ನುವುದಕ್ಕೆ ಲಿಂಗವಿಲ್ಲ. ಮೂರು ವಿಶ್ವವಿದ್ಯಾಲಯಗಳಿಗೆ ಅರೆಕಾಲಿಕ ಗೈಡ್. ಮೂರು ಪಾಸ್‌ವರ್ಡ್, ಮೂರು ಬಗೆಯ ನಮೂನೆಗಳು, ಮೂರು ಬಗೆಯ ಅಧ್ಯಾಯ ವಿನ್ಯಾಸ. ಒಂದು ಕಡೆ ಸಾಹಿತ್ಯ ಸಮೀಕ್ಷೆ ಎರಡನೇ ಅಧ್ಯಾಯ, ಇನ್ನೊಂದು ಕಡೆ ಅದು ಮೊದಲನೆಯದರ ಒಳಗೇ ಇರಬೇಕು.

ಸಂಭಾವನೆ ಹೇಗೆಂದರೆ, ತಲೆಗೆ ಇಷ್ಟು, ಅವಧಿಗೆ ಇಷ್ಟು. ವಿದ್ಯಾರ್ಥಿ ಆ ಅವಧಿಯಲ್ಲಿ ನೂರು ಪುಟ ಕಳಿಸಿದರೂ ಅಷ್ಟೇ, ಒಂದು ಪುಟ ಕಳಿಸದಿದ್ದರೂ ಅಷ್ಟೇ. ಲೆಕ್ಕ ನೀವೇ ಹಾಕಿ. ಚುರುಕಾದ ವಿದ್ಯಾರ್ಥಿ ಸಿಕ್ಕರೆ ನನಗೆ ನಷ್ಟ, ಮಲಗಿರುವ ವಿದ್ಯಾರ್ಥಿ ಸಿಕ್ಕರೆ ಲಾಭ! ಇಂಥ ಲೆಕ್ಕದ ನಡುವೆಯೂ ರಾತ್ರಿ ಹನ್ನೆರಡರವರೆಗೆ ಕರಡು ಓದುವ ನನ್ನಂಥವರು ಬಹಳ ಜನ ಇದ್ದಾರೆ. ಅದು ನಮ್ಮ ಹುಚ್ಚು. ವ್ಯವಸ್ಥೆ ಅದಕ್ಕೆ ಏನೂ ಕೊಡುವುದಿಲ್ಲ.

ಮೂರನೇ ಕರಡು ಅವರೇ, ನಿಮ್ಮ ಮೊದಲ ಗೈಡ್ ಮಾತಿಲ್ಲದೆ ಮಾಯವಾದರು ಎಂದು ನೀವು ನೊಂದಿರಬಹುದು. ನನಗೆ ಒಂದು ಸಂಸ್ಥೆಯಲ್ಲಿ ಆದದ್ದನ್ನು ಕೇಳಿ. ಶುಕ್ರವಾರ ಸಂಜೆ ಕರಾರು ನವೀಕರಿಸುವುದಿಲ್ಲ ಎಂಬ ಪತ್ರ ಬಂತು. ರಾತ್ರಿ ಊಟ ಮುಗಿಸಿ ಲಾಗಿನ್ ಆಗಲು ನೋಡಿದರೆ ಖಾತೆ ಮುಚ್ಚಿತ್ತು. ಏಳು ವಿದ್ಯಾರ್ಥಿಗಳ ಕರಡುಗಳು, ಅವುಗಳ ಮೇಲೆ ನಾನು ಬರೆದ ಟಿಪ್ಪಣಿಗಳು, ಎಲ್ಲವೂ ಒಳಗೇ. ಒಬ್ಬಳ ನಾಲ್ಕನೇ ಅಧ್ಯಾಯವನ್ನು ಅರ್ಧ ಓದಿ ಇಟ್ಟಿದ್ದೆ. ಅವಳಿಗೆ ತಿಳಿಸಲು ನನ್ನಲ್ಲಿ ಅವಳ ಖಾಸಗಿ ವಿಳಾಸ ಇರಲಿಲ್ಲ. ಈಗಲೂ ಆ ಅಧ್ಯಾಯ ಏನಾಯಿತೋ ಗೊತ್ತಿಲ್ಲ.

ಹಾಗಾಗಿ ಪೂರ್ಣಾವಧಿಯೋ ಅರೆಕಾಲಿಕವೋ ಎಂದು ಕೇಳುವುದರ ಜೊತೆಗೆ ಇದನ್ನೂ ಕೇಳಿ: ಗೈಡ್ ಹೋದರೆ ಅವರ ಟಿಪ್ಪಣಿಗಳು ಮತ್ತು ಕೊಟ್ಟ ಒಪ್ಪಿಗೆಗಳು ಯಾರ ಬಳಿ ಉಳಿಯುತ್ತವೆ? ಹೊಸ ಗೈಡ್ ಹಳೆಯ ಒಪ್ಪಿಗೆಯನ್ನು ರದ್ದು ಮಾಡಬಹುದೇ?

ಅಂಕಿಪ್ರಿಯ

ಎಲ್ಲರೂ ಅನುಭವ ಹೇಳುತ್ತಿದ್ದೀರಿ. ನಾನು ಎಂದಿನಂತೆ ಅಂಕಿಗಳ ಚೀಲ ಬಿಚ್ಚುತ್ತೇನೆ.

ಮೊದಲು ತಡವಾಗಿ ಬಂದವರಿಗೆ. ಕ್ಯಾಂಪಸ್ ಪಿಎಚ್.ಡಿ. ಎಂದರೆ ಎಲ್ಲ ನೆಟ್ಟಗಿದೆ ಎಂಬ ಭ್ರಮೆ ಬೇಡ. ಕೌನ್ಸಿಲ್ ಆಫ್ ಗ್ರ್ಯಾಜುಯೇಟ್ ಸ್ಕೂಲ್ಸ್ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹತ್ತು ವರ್ಷದೊಳಗೆ ಪಿಎಚ್.ಡಿ. ಮುಗಿಸಿದವರು ಶೇ. 57ರ ಆಸುಪಾಸು. ಅದು ಆನ್‌ಲೈನ್ ಶಾಲೆಗಳ ಲೆಕ್ಕವಲ್ಲ. ಕೋರ್ಸ್‌ವರ್ಕ್ ಮುಗಿಸಿ ಪ್ರಬಂಧ ಮುಗಿಸದವರಿಗೆ ಎಬಿಡಿ ಎಂಬ ಅಡ್ಡಹೆಸರು ಹುಟ್ಟಿದ್ದೂ ಇಂಟರ್‌ನೆಟ್ಟಿಗಿಂತ ಮುಂಚೆಯೇ.

ಅರೆಕಾಲಿಕರ, ಕರಾರಿನವರ ಮೇಲಿನ ಅವಲಂಬನೆಯೂ ಆನ್‌ಲೈನ್‌ಗೆ ಸೀಮಿತವಲ್ಲ. ಪ್ರಾಧ್ಯಾಪಕರ ಸಂಘವಾದ ಎಎಯುಪಿಯ ಲೆಕ್ಕದಂತೆ 2021ರಲ್ಲಿ ಅಮೆರಿಕದ ಅಧ್ಯಾಪಕರಲ್ಲಿ ಶೇ. 68 ಮಂದಿ ಟೆನ್ಯೂರ್ ದಾರಿಯ ಹೊರಗಿದ್ದರು. 1987ರಲ್ಲಿ ಅದು ಶೇ. 47 ಇತ್ತು. ಆದರೆ ಕ್ಯಾಂಪಸ್‌ನಲ್ಲಿ ಅರೆಕಾಲಿಕರು ಹೆಚ್ಚಾಗಿ ಪದವಿ ತರಗತಿಗಳಿಗೆ ಪಾಠ ಮಾಡುತ್ತಾರೆ, ಮಹಾಪ್ರಬಂಧ ಪೂರ್ಣಾವಧಿಯವರ ಕೈಯಲ್ಲಿ ಉಳಿಯುತ್ತದೆ. ದೊಡ್ಡ ಆನ್‌ಲೈನ್ ಕಾರ್ಯಕ್ರಮಗಳಲ್ಲಿ ಮಹಾಪ್ರಬಂಧವೂ ಅರೆಕಾಲಿಕರ ಪಾಲಿಗೆ ಹೋಯಿತು. ನನ್ನ ಮಟ್ಟಿಗೆ ಪ್ರಶ್ನೆ ಇರುವುದು ಅಲ್ಲಿ.

ಮಾನ್ಯತಾ ಸಂಸ್ಥೆಗಳು ತಡೆಯುವುದಿಲ್ಲವೇ ಎಂದರೆ, ನಿಯಮದ ಮಾತು ಜಾರುತ್ತದೆ. ಅಮೆರಿಕದ ದಕ್ಷಿಣ ರಾಜ್ಯಗಳ ಮಾನ್ಯತಾ ಸಂಸ್ಥೆ ಎಸ್‌ಎಸಿಎಸ್‌ಸಿಒಸಿ "ಸಾಕಷ್ಟು ಸಂಖ್ಯೆಯ ಪೂರ್ಣಾವಧಿ ಅಧ್ಯಾಪಕರು" ಇರಬೇಕು ಎನ್ನುತ್ತದೆ. ಸಾಕಷ್ಟು ಎಂದರೆ ಎಷ್ಟು? ಸಂಖ್ಯೆ ಇಲ್ಲ. ವೃತ್ತಿಪರ ಮಾನ್ಯತೆಗಳು ಇನ್ನಷ್ಟು ಬಿಗಿ. ಆಪ್ತಸಮಾಲೋಚನೆಯ ಕ್ಷೇತ್ರದ ಸಿಎಸಿಆರ್‌ಇಪಿ ತನ್ನ 2016ರ ಮಾನದಂಡದಲ್ಲಿ ಡಾಕ್ಟರೇಟ್ ಕಾರ್ಯಕ್ರಮಕ್ಕೆ ಕನಿಷ್ಠ ಐವರು ಪೂರ್ಣಾವಧಿ ಮುಖ್ಯ ಅಧ್ಯಾಪಕರನ್ನು ಕೇಳಿತು. ನಿಮ್ಮ ಡಿಬಿಎಗೆ ಹತ್ತಿರದ್ದು ವ್ಯವಹಾರ ಶಾಲೆಗಳ ಮಾನ್ಯತಾ ಸಂಸ್ಥೆ ಎಎಸಿಎಸ್‌ಬಿ. ಅದು ಅಧ್ಯಾಪಕರನ್ನು "ಭಾಗವಹಿಸುವವರು" ಮತ್ತು "ಬೆಂಬಲಿಸುವವರು" ಎಂದು ವಿಂಗಡಿಸಿ, ಶಾಲೆಯ ಬೋಧನೆಯ ಶೇ. 75, ಪ್ರತಿ ವಿಷಯದಲ್ಲಿ ಶೇ. 60 ಭಾಗವಹಿಸುವವರಿಂದ ನಡೆಯಬೇಕು ಎಂಬ ಅಳತೆಯನ್ನು ತನ್ನ 2020ರ ಮಾನದಂಡದಲ್ಲಿ ಇಟ್ಟಿತ್ತು. ಗಮನಿಸಿ, ಅಲ್ಲಿ ಪೂರ್ಣಾವಧಿಯೇ ಎಂಬುದಕ್ಕಿಂತ ಶಾಲೆಯ ತೀರ್ಮಾನಗಳಲ್ಲಿ ಪಾಲಿದೆಯೇ ಎಂಬುದು ಮುಖ್ಯ. ಅಡಿಟಿಪ್ಪಣಿ ಅವರು ಹೇಳಿದ ವಾದಿಸುವ ಧೈರ್ಯಕ್ಕೆ ಇದು ಹತ್ತಿರವಿದೆ. ಆದರೆ ಆ ಅಳತೆ ಬೋಧನೆಗೆ, ಮಹಾಪ್ರಬಂಧದ ಮಾರ್ಗದರ್ಶನಕ್ಕಲ್ಲ.

ಹಣದ ಮಾತು. ಅಮೆರಿಕದ ಶಿಕ್ಷಣ ಇಲಾಖೆ 2023ರ ಅಕ್ಟೋಬರ್‌ನಲ್ಲಿ ಗ್ರ್ಯಾಂಡ್ ಕ್ಯಾನ್ಯನ್ ವಿಶ್ವವಿದ್ಯಾಲಯಕ್ಕೆ 3.77 ಕೋಟಿ ಡಾಲರ್ ದಂಡ ಹಾಕಿತ್ತು. ಡಾಕ್ಟರೇಟಿನ ಖರ್ಚನ್ನು ಕಡಿಮೆ ತೋರಿಸಿದರು, ಹೇಳಿದ ಖರ್ಚಿನೊಳಗೆ ಮುಗಿಸಿದವರು ಶೇ. 2ಕ್ಕಿಂತ ಕಡಿಮೆ ಎಂಬುದು ಆರೋಪ. ವಿಶ್ವವಿದ್ಯಾಲಯ ಅದನ್ನು ಅಲ್ಲಗಳೆದು ಹೋರಾಡಿತು, 2025ರ ಮೇ ತಿಂಗಳಲ್ಲಿ ಇಲಾಖೆಯೇ ದಂಡವನ್ನು ಹಿಂತೆಗೆದುಕೊಂಡಿತು. ವಾಲ್ಡನ್ ವಿಶ್ವವಿದ್ಯಾಲಯದ ಡಿಬಿಎ ವಿದ್ಯಾರ್ಥಿಗಳ ಮೊಕದ್ದಮೆ 2024ರಲ್ಲಿ 2.85 ಕೋಟಿ ಡಾಲರ್ ರಾಜಿಯಲ್ಲಿ ಮುಗಿಯಿತು. ಎರಡೂ ಅರೆಕಾಲಿಕ ಗೈಡ್‌ಗಳ ವಿಚಾರವಲ್ಲ, ತಪ್ಪು ತಿಳಿಯಬೇಡಿ. ಪ್ರಬಂಧದ ಹಂತ ಹೇಳಿದ್ದಕ್ಕಿಂತ ಉದ್ದವಾಗುವುದು, ಆ ಉದ್ದಕ್ಕೆಲ್ಲ ವಿದ್ಯಾರ್ಥಿ ಶುಲ್ಕ ಕಟ್ಟುವುದು, ಇದೇ ಎರಡರಲ್ಲೂ ವಿವಾದದ ಮೂಲ. ಗೈಡ್ ಬದಲಾದಾಗ ಉದ್ದವಾಗುವುದೂ ಅದೇ ಹಂತ.

ಮರಳುವವಳು

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಭಾರತಕ್ಕೆ ಮರಳಿ ಕಾಲೇಜಿನಲ್ಲಿ ಪಾಠ ಮಾಡಬೇಕೆಂದಿದ್ದರೆ ಇಂಥ ಪದವಿ ನಡೆಯುತ್ತದೆಯೇ?

ಅಂಕಿಪ್ರಿಯ

ಆ ಉದ್ದೇಶಕ್ಕಾದರೆ ಸೇರುವ ಮೊದಲೇ ನಿಲ್ಲಿ. ಯುಜಿಸಿಯ 2022ರ ನಿಯಮಾವಳಿ ದೂರಶಿಕ್ಷಣ ಅಥವಾ ಆನ್‌ಲೈನ್ ಮೂಲಕ ಪಿಎಚ್.ಡಿ. ನಡೆಸಲು ಅವಕಾಶ ಕೊಡುವುದಿಲ್ಲ. ವಿದೇಶಿ ಸಂಸ್ಥೆಗಳ ಜೊತೆ ಸೇರಿ ಖಾಸಗಿ ಕಂಪನಿಗಳು ಕೊಡುವ ಆನ್‌ಲೈನ್ ಪಿಎಚ್.ಡಿ.ಗೆ ಮಾನ್ಯತೆ ಇಲ್ಲವೆಂದು ಯುಜಿಸಿ, ಎಐಸಿಟಿಇ ಎರಡೂ ಸೇರಿ ಅದೇ ವರ್ಷ ಸಾರ್ವಜನಿಕ ಎಚ್ಚರಿಕೆ ಕೊಟ್ಟಿವೆ. ತಮಾಷೆಯೆಂದರೆ, ನಮ್ಮ ಈ ಚರ್ಚೆಗೆ ಆ ನಿಯಮಾವಳಿಯಲ್ಲಿ ನೇರ ಉತ್ತರವಿದೆ: ಅಡ್ಜಂಕ್ಟ್, ಅಂದರೆ ಕಾಯಂ ಅಲ್ಲದ ಅಧ್ಯಾಪಕರು ಸಹ-ಮಾರ್ಗದರ್ಶಕರು ಮಾತ್ರ ಆಗಬಹುದು, ಮುಖ್ಯ ಮಾರ್ಗದರ್ಶಕರಾಗುವಂತಿಲ್ಲ. ಒಬ್ಬ ಪ್ರೊಫೆಸರ್ ಬಳಿ ಏಕಕಾಲಕ್ಕೆ 8, ಸಹ ಪ್ರಾಧ್ಯಾಪಕರ ಬಳಿ 6, ಸಹಾಯಕ ಪ್ರಾಧ್ಯಾಪಕರ ಬಳಿ 4 ವಿದ್ಯಾರ್ಥಿಗಳು, ಅಷ್ಟೇ.

ಅಡಿಟಿಪ್ಪಣಿ

ಎಂಟು! ನನ್ನ ಹದಿನಾಲ್ಕನ್ನು ನೆನೆದು ನಿಟ್ಟುಸಿರು ಬಂತು.

ಮುಗಿಸಿದವಳು

ಮೀಟಿಂಗ್ ಮುಗಿಯಿತು, ಎರಡು ದಿನವೂ ಕಳೆಯಿತು. ಹೇಳಿದ ಮಾತು ಉಳಿಸಿಕೊಳ್ಳುತ್ತೇನೆ.

ನನ್ನ ಗೈಡ್ ಅರೆಕಾಲಿಕರು, ನಿವೃತ್ತರು, ನನ್ನ ವಿಷಯದಲ್ಲಿ ಮೂವತ್ತು ವರ್ಷ ದುಡಿದವರು. ಅವರಷ್ಟು ಆಳವಾಗಿ ನನ್ನ ಪುಟಗಳನ್ನು ಯಾರೂ ಓದಿಲ್ಲ. ಆದರೆ ವಿಶ್ವವಿದ್ಯಾಲಯದ ಒಳಗಿನ ನಡೆ ಅವರಿಗೆ ನನಗಿಂತ ಕಡಿಮೆ ಗೊತ್ತಿತ್ತು. ಯಾವ ನಮೂನೆ ಯಾರಿಗೆ ಹೋಗಬೇಕು ಎಂದು ನಾನೇ ಅವರಿಗೆ ಹೇಳುತ್ತಿದ್ದೆ. ನನ್ನನ್ನು ಉಳಿಸಿದ್ದು ಸಮಿತಿಯ ಎರಡನೇ ಸದಸ್ಯೆ. ಅವರು ಪೂರ್ಣಾವಧಿಯವರು. ಪುಟಗಳನ್ನು ಹೆಚ್ಚು ಓದಲಿಲ್ಲ, ನಿಜ ಹೇಳಬೇಕೆಂದರೆ ಮೂರನೇ ಅಧ್ಯಾಯವನ್ನು ಓದಿದ್ದರೆಂಬ ನಂಬಿಕೆಯೇ ನನಗಿಲ್ಲ. ಆದರೆ ಕಡತ ಎಲ್ಲಿ ಸಿಕ್ಕಿಕೊಂಡಿದೆ ಎಂದು ಅರ್ಧ ದಿನದಲ್ಲಿ ಪತ್ತೆ ಹಚ್ಚುತ್ತಿದ್ದರು. ಇಬ್ಬರೂ ಸೇರಿ ಒಬ್ಬ ಪೂರ್ತಿ ಗೈಡ್ ಆದರು ಎನ್ನಿ.

ನಾನು ಮಾಡಿದ ಒಂದೇ ಜಾಣತನ: ಪ್ರತಿ ಮಾತುಕತೆಯ ಮರುದಿನ ಒಂದು ಪುಟದ ಇಮೇಲ್. ನಿನ್ನೆ ಇದು ತೀರ್ಮಾನವಾಯಿತು, ಈ ಕಾರಣಕ್ಕೆ, ತಪ್ಪಿದ್ದರೆ ತಿಳಿಸಿ ಎಂದು. ಒಂದು ಪ್ರತಿ ಎರಡನೇ ಸದಸ್ಯೆಗೆ, ಇನ್ನೊಂದು ನನ್ನ ಖಾಸಗಿ ವಿಳಾಸಕ್ಕೆ. ಮೊದಮೊದಲು ಗೈಡ್‌ಗೆ ಇದು ಅನುಮಾನದಂತೆ ಕಂಡು ಬೇಸರವಾಗಿತ್ತು. ಆಮೇಲೆ ಅವರೇ ಅದನ್ನು ಕೇಳಿ ಪಡೆಯುತ್ತಿದ್ದರು, ಏಕೆಂದರೆ ಹಿಂದಿನ ತಿಂಗಳು ತಾವು ಹೇಳಿದ್ದು ಅವರಿಗೂ ಮರೆಯುತ್ತಿತ್ತು.

ಅಂಕಿಪ್ರಿಯ

ಸೇರಲು ಹೊರಟಿರುವ ಆ ಗೆಳೆಯರಿಗೆ ಎರಡು ಜಾಗ ತೋರಿಸಿ. ಶಿಕ್ಷಣ ಇಲಾಖೆಯ ಕಾಲೇಜ್ ನ್ಯಾವಿಗೇಟರ್ ತಾಣದಲ್ಲಿ ಪ್ರತಿ ಸಂಸ್ಥೆಯ ಪೂರ್ಣಾವಧಿ, ಅರೆಕಾಲಿಕ ಅಧ್ಯಾಪಕರ ಸಂಖ್ಯೆ ಉಚಿತವಾಗಿ ಸಿಗುತ್ತದೆ. ಅದು ಇಡೀ ಸಂಸ್ಥೆಯ ಲೆಕ್ಕ, ಡಾಕ್ಟರೇಟ್ ವಿಭಾಗದ್ದಲ್ಲ ಎಂಬುದು ನೆನಪಿರಲಿ. ಇನ್ನೊಂದು ಪ್ರೋಕ್ವೆಸ್ಟ್ ಪ್ರಬಂಧ ಭಂಡಾರ. ಅಲ್ಲಿ ಹಲವು ಪ್ರಬಂಧಗಳ ಜೊತೆ ಗೈಡ್ ಹೆಸರೂ ಇರುತ್ತದೆ. ವಿಭಾಗದ ಪುಟದ ಚಿತ್ರಗಳಲ್ಲಿರುವವರ ಹೆಸರು ಹಾಕಿ ಹುಡುಕಿ. ಕಳೆದ ಮೂರು ವರ್ಷದಲ್ಲಿ ಅವರ ಕೈಕೆಳಗೆ ಎಷ್ಟು ಪ್ರಬಂಧ ಮುಗಿದಿವೆ ಎಂಬುದರ ಅಂದಾಜು ಸಿಗುತ್ತದೆ. ಒಂದೂ ಇಲ್ಲದಿದ್ದರೆ ಆ ಚಿತ್ರಗಳು ಗೋಡೆಯ ಅಲಂಕಾರ.

ತಡವಾಗಿ ಬಂದವನು

ನನ್ನ ಮೊದಲ ಮಾತು ಒರಟಾಯಿತು. ನಾನು ಕ್ಯಾಂಪಸ್‌ನಲ್ಲೇ ಪಿಎಚ್.ಡಿ. ಮಾಡಲು ಹೊರಟವನು. ಗೈಡ್ ಪೂರ್ಣಾವಧಿ, ಟೆನ್ಯೂರ್ ಇದ್ದವರು, ದೊಡ್ಡ ಹೆಸರು. ನಾನು ನಾಲ್ಕನೇ ಅಧ್ಯಾಯದಲ್ಲಿದ್ದಾಗ ಒಂದು ವರ್ಷದ ಸಂಶೋಧನಾ ರಜೆ ಹಾಕಿ ಬೇರೆ ಖಂಡಕ್ಕೆ ಹೋದರು. ಬಂದ ಮೇಲೆ ಅವರ ಆಸಕ್ತಿಯೂ ಬದಲಾಗಿತ್ತು, ನನ್ನ ವಿಷಯ ಅವರಿಗೆ ಹಳಸಿತ್ತು. ಎಬಿಡಿ ಎಂಬುದು ನನ್ನದೇ ಅಡ್ಡಹೆಸರು. ಇಷ್ಟೇ.

ಮೂರು ಲಾಗಿನ್ ಮೇಷ್ಟ್ರು

ಹೇಳಿದ್ದು ಒಳ್ಳೆಯದಾಯಿತು.

ಮೂರನೇ ಕರಡು

ಮೂರು ವಾರದ ನಂತರ ಬರುತ್ತಿದ್ದೇನೆ. ನೀವೆಲ್ಲ ಬರೆದದ್ದನ್ನು ಮುಂದಿಟ್ಟುಕೊಂಡು ಕಾರ್ಯಕ್ರಮದ ನಿರ್ದೇಶಕರಿಗೆ ಪತ್ರ ಬರೆದೆ. ದೂರಿನ ಧಾಟಿ ಬಿಟ್ಟು ನಾಲ್ಕು ಪ್ರಶ್ನೆ ಕೇಳಿದೆ. ಮೊದಲ ಗೈಡ್ ಕೊಟ್ಟ ವಿಧಾನದ ಒಪ್ಪಿಗೆ ಕಡತದಲ್ಲಿದೆಯೇ? ಇದ್ದರೆ ಅದನ್ನು ಬದಲಿಸಲು ಯಾರಿಗೆ ಅಧಿಕಾರ? ಸಮಿತಿಯಲ್ಲಿ ಒಬ್ಬರಾದರೂ ಪೂರ್ಣಾವಧಿಯವರನ್ನು ಹಾಕುತ್ತೀರಾ? ಈಗಿನ ಗೈಡ್ ಬಳಿ ಎಷ್ಟು ವಿದ್ಯಾರ್ಥಿಗಳಿದ್ದಾರೆ?

ಹನ್ನೊಂದು ದಿನದ ಮೇಲೆ ಉತ್ತರ ಬಂತು. ಒಪ್ಪಿಗೆಯ ನಮೂನೆ ಕಡತದಲ್ಲೇ ಇತ್ತಂತೆ, ಸಹಿ ಸಮೇತ. ಎರಡನೇ ಗೈಡ್ ಅದನ್ನು ತೆರೆದೇ ನೋಡಿರಲಿಲ್ಲ. ಬದಲಿಸಬೇಕಿದ್ದರೆ ಲಿಖಿತ ಕಾರಣ ಬೇಕಿತ್ತು, ಯಾರೂ ಕೊಟ್ಟಿರಲಿಲ್ಲ. ಅಂದರೆ ನನ್ನ ಐದು ತಿಂಗಳು ಬೇಕಾಗಿಯೇ ಇರಲಿಲ್ಲ. ಇದನ್ನು ಓದಿದ ಸಂಜೆ ಹೊರಗೆ ಬಹಳ ಹೊತ್ತು ನಡೆದು ಬಂದೆ.

ಸಂದರ್ಶನಗಳಿಗೇ ಮರಳುತ್ತಿದ್ದೇನೆ. ಮೂರನೇ ಗೈಡ್ ಜೊತೆ ಕೊನೆಗೂ ಮಾತಾಯಿತು. ಅರೆಕಾಲಿಕರೇ, ಆದರೆ ಕರೆಗೆ ಬರುವ ಮೊದಲು ಮೂರೂ ಅಧ್ಯಾಯ ಓದಿದ್ದರು, ಎರಡನೆಯದರಲ್ಲಿ ನಾನೇ ಮರೆತಿದ್ದ ಒಂದು ವಿರೋಧಾಭಾಸ ತೋರಿಸಿದರು. ಮರುದಿನ ಒಂದು ಪುಟದ ಇಮೇಲ್ ಕಳಿಸಿದೆ, ಮುಗಿಸಿದವಳು ಮೇಡಂ ಹೇಳಿದಂತೆ. ಎರಡನೇ ಸದಸ್ಯರಾಗಿ ಚಿತ್ರಗಳ ಸಾಲಿನಲ್ಲಿದ್ದವರೊಬ್ಬರು ಬಂದಿದ್ದಾರೆ. ಹೋದ ಅವಧಿಯ ಶುಲ್ಕ ವಾಪಸ್ಸು ಕೊಡುವುದಿಲ್ಲ ಎಂದರು. ಆ ವಾದ ಇನ್ನೂ ಬಿಟ್ಟಿಲ್ಲ.

ನಾಲ್ಕನೇ ಪ್ರಶ್ನೆಗೆ "ಅದು ಆಂತರಿಕ ಮಾಹಿತಿ" ಎಂಬ ಒಂದು ಸಾಲು. ನನ್ನ ಗೆಳೆಯರು ತಾವು ಸೇರಬೇಕೆಂದಿದ್ದ ಕಡೆಯೂ ಇದೇ ಪ್ರಶ್ನೆ ಕೇಳಿದರು. ಅಲ್ಲಿಂದ ಉತ್ತರದ ಬದಲು ಪ್ರವೇಶ ವಿಭಾಗದವರ ಫೋನ್ ಬಂತು, ಅರ್ಜಿ ಶುಲ್ಕ ಮನ್ನಾ ಮಾಡುತ್ತೇವೆ ಎಂದು. ಅವರು ಇನ್ನೂ ಅರ್ಜಿ ಹಾಕಿಲ್ಲ.